ನಿದ್ರೆ ತರಿಸದ ಮದ್ದು

ಮೂರ್ಛೆ ಬಂದು ಬಿದ್ದವರ ಕೈಗೆ ಕಬ್ಬಿಣದ ಬೀಗದ ಕೈ ಕೊಡುವುದನ್ನು ನೀವು ನೋಡಿರಬಹುದು. ಸೆಳವು ಸಾಮಾನ್ಯವಾಗಿ ಒಂದೆರಡು ನಿಮಿಷಗಳಲ್ಲಿ ತಾನಾಗಿಯೇ ನಿಲ್ಲುತ್ತದೆ. ಕೀರ್ತಿ ಮಾತ್ರ ಕಬ್ಬಿಣಕ್ಕೆ. ಹಳ್ಳಿಗರ ನಂಬಿಕೆಯೆಂದು ನಗಬೇಡಿ. ವೈದ್ಯವಿಜ್ಞಾನವೂ ಹಿಂದೆ ಒಂದು ತಪ್ಪು ನಂಬಿಕೆಗೆ ಅಂಟಿಕೊಂಡಿತ್ತು. ಸೆಳವನ್ನು ತಡೆಯುವ ಮದ್ದು ಮಂಪರನ್ನೂ ತರಲೇಬೇಕು ಎಂಬುದೇ ಆ ನಂಬಿಕೆ.

ಅದಕ್ಕೆ ಕಾರಣವಿತ್ತು. 1857ರಲ್ಲಿ ಲಂಡನ್ನಿನ ಚಾರ್ಲ್ಸ್ ಲೊಕಾಕ್ ಎಂಬ ವೈದ್ಯ ಬ್ರೋಮೈಡ್ ಲವಣದಿಂದ ಸೆಳವು ಕಡಿಮೆಯಾಗುತ್ತದೆಂದು ತಿಳಿಸಿದ. 1912ರಲ್ಲಿ ಜರ್ಮನಿಯ ಆಲ್‌ಫ್ರೆಡ್ ಹಾಪ್ಟ್‌ಮನ್, ನಿದ್ರೆಯ ಔಷಧವಾಗಿದ್ದ ಫೀನೋಬಾರ್ಬಿಟಲ್ ಸೆಳವನ್ನೂ ತಡೆಯುತ್ತದೆಂದು ಪ್ರಕಟಿಸಿದ. ಎರಡೂ ಮಂಪರು ತರುವಂಥವು. ಎಷ್ಟೋ ರೋಗಿಗಳು ತೂಕಡಿಸುತ್ತಲೇ ದಿನ ಕಳೆಯಬೇಕಾಯಿತು. ಕೆಲವರಿಗಂತೂ ಸೆಳವೂ ನಿಲ್ಲಲಿಲ್ಲ.

ಇತ್ತ 1908ರಲ್ಲೇ ಹೈನ್ರಿಖ್ ಬಿಲ್ಟ್ಸ್ ಎಂಬ ಜರ್ಮನ್ ರಸಾಯನಶಾಸ್ತ್ರಜ್ಞ ಫಿನಿಟಾಯಿನ್ ಎಂಬ ವಸ್ತುವನ್ನು ತಯಾರಿಸಿದ್ದ. ಅದು ನಿದ್ರೆ ತರಿಸುವುದಿಲ್ಲ! ಹಾಗಾಗಿ ಔಷಧವೆಂದು ಯಾರೂ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

1930ರ ದಶಕದಲ್ಲಿ ಅಮೆರಿಕದ ಬಾಸ್ಟನ್ ನಗರದ ಟ್ರೇಸಿ ಪುಟ್ನಮ್ ಮತ್ತು ಹೂಸ್ಟನ್ ಮೆರಿಟ್ ನಂಬಿಕೆಯನ್ನು ಬದಿಗಿಟ್ಟು ಅಳತೆಗೆ ತೊಡಗಿದರು. ಎಷ್ಟು ವಿದ್ಯುತ್ ಹಾಯಿಸಿದರೆ ಬೆಕ್ಕಿಗೆ ಸೆಳವು ಬರುತ್ತದೆ? ಔಷಧ ಕೊಟ್ಟ ಮೇಲೆ ಎಷ್ಟು ಬೇಕಾಗುತ್ತದೆ? ಪಾರ್ಕ್-ಡೇವಿಸ್ ಕಂಪನಿ ಕಳಿಸಿದ ರಾಸಾಯನಿಕಗಳನ್ನು ಹೀಗೆ ಒಂದೊಂದಾಗಿ ಪರೀಕ್ಷಿಸಿದಾಗ ಫಿನಿಟಾಯಿನ್ ಎದ್ದು ಕಂಡಿತು. ಬೆಕ್ಕು ಮಂಕಾಗಲಿಲ್ಲ, ಆದರೂ ಸೆಳವು ತಡೆಯಿತು. 1938ರಲ್ಲಿ, ಹಳೆಯ ಔಷಧಗಳಿಗೆ ಬಗ್ಗದ ಅನೇಕ ರೋಗಿಗಳಲ್ಲೂ ಇದು ಫಲ ಕೊಟ್ಟಿತೆಂದು ಅವರು ಪ್ರಕಟಿಸಿದರು.

ಇದು ಹೇಗೆ ಸಾಧ್ಯ? ನರಕೋಶದ ಪೊರೆಯಲ್ಲಿ ಸೋಡಿಯಂ ಅಯಾನುಗಳು ಒಳನುಗ್ಗುವ ಸೂಕ್ಷ್ಮ ದ್ವಾರಗಳಿವೆ. ಸೆಳವಿನ ವೇಳೆ ಅವು ಅತಿವೇಗದಿಂದ ಮತ್ತೆ ಮತ್ತೆ ತೆರೆಯುತ್ತವೆ. ಫಿನಿಟಾಯಿನ್ ಮುಖ್ಯವಾಗಿ ಅಂಥ ದ್ವಾರಗಳನ್ನೇ ಹಿಡಿದು, ಬೇಗ ತೆರೆಯದಂತೆ ಮಾಡುತ್ತದೆ. ಮಿದುಳಿನ ಸಹಜ ಕೆಲಸ ಬಹುಮಟ್ಟಿಗೆ ಹಾಗೆಯೇ ನಡೆಯುತ್ತದೆ.

ಹಾಗೆಂದು ಇದು ಸಂಜೀವಿನಿಯಲ್ಲ. ವಸಡು ಊದಬಹುದು. ಪ್ರಮಾಣ ತುಸು ಏರಿದರೂ ರಕ್ತದಲ್ಲಿ ಅದರ ಮಟ್ಟ ವಿಪರೀತ ಏರಿ ನಡಿಗೆ ತೂರಾಡಬಹುದು. ಕ್ಷಣಕಾಲ ಮೈಮರೆಸುವ ಬಗೆಯ ಮೂರ್ಛೆಗೆ ಇದು ನಾಟುವುದಿಲ್ಲ. ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸುವುದಂತೂ ಅಪಾಯಕರ.

ಒಂದು ಲೆಕ್ಕ ಮಾತ್ರ ನೆನಪಿಡಿ. 1908ರಿಂದ 1938ಕ್ಕೆ ಮೂವತ್ತು ವರ್ಷ. ಅಷ್ಟು ಕಾಲ ಮದ್ದು ಇತ್ತು, ರೋಗಿಗಳೂ ಇದ್ದರು. ಇದು ಸೆಳವನ್ನು ತಡೆಯುತ್ತದೆಯೇ ಎಂದು ಯಾರೂ ಕೇಳಿರಲಿಲ್ಲ, ಅಷ್ಟೆ.