ಪ್ಯಾರನಾಯ್ಡ್ (ಆಲ್ಬಂ)

ಪ್ಯಾರನಾಯ್ಡ್: ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದ ರಾಕ್ ತಂಡ ಬ್ಲ್ಯಾಕ್ ಸಬ್ಬತ್‌ನ ಎರಡನೆಯ ಆಲ್ಬಂ. ಬ್ರಿಟನ್ನಿನಲ್ಲಿ 1970ರ ಸೆಪ್ಟೆಂಬರ್ 18ರಂದು ವರ್ಟಿಗೊ ಕಂಪನಿ ಇದನ್ನು ಹೊರತಂದಿತು. ಅಮೆರಿಕದಲ್ಲಿ 1971ರ ಜನವರಿಯಲ್ಲಿ ವಾರ್ನರ್ ಬ್ರದರ್ಸ್ ಮೂಲಕ ಬಂತು. ಹೆವಿ ಮೆಟಲ್ ಸಂಗೀತಕ್ಕೆ ಬುನಾದಿ ಹಾಕಿದ ಕೃತಿಗಳಲ್ಲಿ ಒಂದು.

ಒಂದೇ ದಿನದಲ್ಲಿ ಧ್ವನಿಮುದ್ರಣ ಮುಗಿಸಿದ್ದ ಮೊದಲ ಆಲ್ಬಂ ಬಂದು ಕೆಲವೇ ತಿಂಗಳಾಗಿತ್ತು. ಈ ಬಾರಿಯೂ ಅವಸರವೇ. 1970ರ ಜೂನ್‌ನಲ್ಲಿ ಲಂಡನ್ನಿನ ರೀಜೆಂಟ್ ಸೌಂಡ್ ಮತ್ತು ಐಲ್ಯಾಂಡ್ ಸ್ಟುಡಿಯೋಗಳಲ್ಲಿ, ರಾಜರ್ ಬೇನ್ ನಿರ್ಮಾಣದಲ್ಲಿ ಕೆಲಸ ನಡೆಯಿತು. ಕ್ಲಬ್ಬುಗಳಲ್ಲಿ ನುಡಿಸಿ ನುಡಿಸಿ ಹಾಡುಗಳು ಆಗಲೇ ಪಳಗಿದ್ದವು. ಆದರೂ ಆಲ್ಬಂ ಭರ್ತಿಯಾಗಲು ಒಂದು ಹಾಡು ಕಡಿಮೆ ಬಿತ್ತು. ಗಿಟಾರ್ ವಾದಕ ಟೋನಿ ಐಯೋಮಿ ಹೊಳೆದದ್ದನ್ನು ನುಡಿಸಿದರು, ಬಾಸ್ ವಾದಕ ಗೀಜರ್ ಬಟ್ಲರ್ ಸಾಹಿತ್ಯ ಗೀಚಿಕೊಟ್ಟರು. ಅರ್ಧ ಗಂಟೆಯೊಳಗೆ ‘ಪ್ಯಾರನಾಯ್ಡ್’ ಸಿದ್ಧವಾಯಿತು. ಮೂರು ನಿಮಿಷವೂ ಇಲ್ಲದ ಈ ಭರ್ತಿ ಹಾಡೇ ಕೊನೆಗೆ ಆಲ್ಬಂಗೆ ಹೆಸರಾಯಿತು. ಮೊದಲು ಗೊತ್ತುಮಾಡಿದ್ದ ಹೆಸರು ‘ವಾರ್ ಪಿಗ್ಸ್’. ಕಂಪನಿ ಅದನ್ನು ಬದಲಿಸಿತು, ಹೊದಿಕೆಯ ಚಿತ್ರವನ್ನು ಮಾತ್ರ ಹಾಗೆಯೇ ಬಿಟ್ಟಿತು. ಕತ್ತಿ ಗುರಾಣಿ ಹಿಡಿದು ಕತ್ತಲಿನಿಂದ ನುಗ್ಗುವ ಆ ಮನುಷ್ಯನಿಗೂ ಶೀರ್ಷಿಕೆಗೂ ಸಂಬಂಧ ಹುಡುಕುವುದು ವ್ಯರ್ಥ.

ಮಾಟ ಮಂತ್ರದ ತಂಡವೆಂದು ಹೆಸರು ಕೆಡಿಸಿಕೊಂಡಿದ್ದರೂ ಇಲ್ಲಿನ ವಸ್ತುಗಳು ಅಂದಿನ ಪತ್ರಿಕೆಗಳ ಮುಖಪುಟದವು. ‘ವಾರ್ ಪಿಗ್ಸ್’ ಯುದ್ಧ ಹೂಡಿ ತಾವು ಮನೆಯಲ್ಲೇ ಉಳಿಯುವ ಅಧಿಕಾರಸ್ಥರ ಮೇಲಿನ ಸಿಟ್ಟು; ‘ಎಲೆಕ್ಟ್ರಿಕ್ ಫ್ಯೂನರಲ್’ ಅಣುಯುದ್ಧದ ಭಯ; ‘ಹ್ಯಾಂಡ್ ಆಫ್ ಡೂಮ್’ ವಿಯೆಟ್ನಾಂನಿಂದ ಹೆರಾಯಿನ್ ಚಟ ಹತ್ತಿಸಿಕೊಂಡು ಮರಳಿದ ಸೈನಿಕರ ಪಾಡು. ಸಾಹಿತ್ಯ ಬಹುಪಾಲು ಬಟ್ಲರ್ ಅವರದು. ತಗಡಿನ ಕಾರ್ಖಾನೆಯಲ್ಲಿ ಬಲಗೈಯ ಎರಡು ಬೆರಳ ತುದಿ ಕಳೆದುಕೊಂಡಿದ್ದ ಎಡಚ ಐಯೋಮಿ, ಪ್ಲಾಸ್ಟಿಕ್ ಕರಗಿಸಿ ಮಾಡಿಕೊಂಡ ಟೊಪ್ಪಿಗೆಗಳನ್ನು ಬೆರಳಿಗೆ ತೊಟ್ಟು, ತೆಳು ತಂತಿಗಳ ಮೇಲೆ ಈ ಭಾರವಾದ ನಾದ ಹೊರಡಿಸಿದರು. ಅಬ್ಬರವೇ ಇಲ್ಲದ ‘ಪ್ಲಾನೆಟ್ ಕ್ಯಾರವಾನ್’ನಲ್ಲಿ ಗಾಯಕ ಆಜಿ ಆಸ್ಬರ್ನ್ ಅವರ ದನಿ ತಿರುಗುವ ಲೆಸ್ಲಿ ಸ್ಪೀಕರ್ ಮೂಲಕ ಹಾದುಬರುತ್ತದೆ. ಆಲ್ಬಂನ ಅತ್ಯಂತ ಉಪೇಕ್ಷಿತ ಸೊಗಸು ಇದೇ.

ಶೀರ್ಷಿಕೆ ಗೀತೆ ಬ್ರಿಟಿಷ್ ಸಿಂಗಲ್ಸ್ ಪಟ್ಟಿಯಲ್ಲಿ 4ನೆಯ ಸ್ಥಾನಕ್ಕೇರಿತು, ಆಲ್ಬಂ ಮೊದಲ ಸ್ಥಾನಕ್ಕೆ. ವಿಮರ್ಶಕರು ಒಲಿಯಲಿಲ್ಲ; ಅಮೆರಿಕದ ರಾಬರ್ಟ್ ಕ್ರಿಸ್ಟ್‌ಗೌ ಕಳಪೆ ದರ್ಜೆ ಕೊಟ್ಟರು. ಕೇಳುಗರು ಅದನ್ನು ಲೆಕ್ಕಿಸಲಿಲ್ಲ. ಅಮೆರಿಕದಲ್ಲಿ 12ನೆಯ ಸ್ಥಾನ ತಲುಪಿದ ಆಲ್ಬಂ ಮುಂದೆ 40 ಲಕ್ಷ ಪ್ರತಿಗಳ ಪ್ರಮಾಣೀಕರಣ ಪಡೆಯಿತು. ಬ್ರಿಟನ್ನಿನಲ್ಲಿ ತಂಡಕ್ಕೆ ಮತ್ತೆ ಅಗ್ರಸ್ಥಾನ ಸಿಕ್ಕಿದ್ದು 2013ರಲ್ಲಿ, ‘13’ ಎಂಬ ಆಲ್ಬಂನಿಂದ. ‘ಪ್ಯಾರನಾಯ್ಡ್’ ಆಲ್ಬಂನ ‘ಐರನ್ ಮ್ಯಾನ್’ ಗೀತೆಯ ವೇದಿಕೆ ಆವೃತ್ತಿಗೆ 2000ದಲ್ಲಿ ಗ್ರ್ಯಾಮಿ ಪ್ರಶಸ್ತಿ ಬಂತು.