ಟಿವಿ ಬೆನ್ನಿನ ಎರಡು ಕಿಂಡಿ: ತಾಮ್ರದ ದಾರಿ, ಬೆಳಕಿನ ದಾರಿ

ಕಳೆದ ದೀಪಾವಳಿಗೆ ನಮ್ಮ ಬಳಗದ ಗೆಳತಿಯೊಬ್ಬಳ ಮನೆಗೆ ಹೊಸ ಟಿವಿ ಬಂತು. ಡಿವಿಡಿ ಕಾಲದ ಹಳೆಯ ಹೋಮ್ ಥಿಯೇಟರ್ ಮನೆಯಲ್ಲೇ ಇತ್ತು. ಅದನ್ನೇ ಟಿವಿಗೆ ಜೋಡಿಸಿದರು. ಹಾಡು ಬಂತು, ಹಾಡಿನ ಹಿಂದೆ ಒಂದೇ ಸಮನೆ ‘ಗುಂಯ್’ ಅನ್ನುವ ಸದ್ದೂ ಬಂತು. ಪೇಟೆಯ ಅಂಗಡಿಯಲ್ಲಿ ಕೇಳಿದರೆ, ‘ಕೇಬಲ್ ಲೋಕಲ್ ಇದೆ, ಚಿನ್ನದ ಲೇಪ ಇರೋದು ಹಾಕಿ, ಸೌಂಡ್ ಬೇರೇನೇ ಬರ್ತದೆ’ ಅಂದರು. ಅವಳ ಅಪ್ಪ ಎರಡು ದಿನದ ಕೂಲಿಗಿಂತ ಹೆಚ್ಚು ಹಣ ಕೊಟ್ಟು ಆ ಕೇಬಲ್ ತಂದರು. ಗುಂಯ್ ಹಾಗೇ ಇತ್ತು.

ಆ ಟಿವಿಯ ಬೆನ್ನಲ್ಲಿ ಸದ್ದು ಹೊರಗೆ ಕಳಿಸಲು ಎರಡು ಡಿಜಿಟಲ್ ಕಿಂಡಿಗಳಿದ್ದವು. ದುಂಡಗಿನ ಒಂದರ ಪಕ್ಕ ‘ಕೊಆಕ್ಸಿಯಲ್’ ಎಂದಿತ್ತು. ಚೌಕದ ಹಾಗಿರುವ, ಒಳಗೆ ಕೆಂಪಗೆ ಮಿನುಗುವ ಇನ್ನೊಂದರ ಪಕ್ಕ ‘ಆಪ್ಟಿಕಲ್’ ಎಂದಿತ್ತು. ಎರಡರಲ್ಲಿ ಯಾವುದು ಒಳ್ಳೆಯದು? ಒಂದೇ ಕೆಲಸಕ್ಕೆ ಎರಡು ಕಿಂಡಿ ಯಾಕೆ? ಇದನ್ನು ಹುಡುಕುತ್ತಾ ಹೋದ ನಾವು ನೂರನಲವತ್ತು ವರ್ಷಕ್ಕೂ ಹಿಂದಕ್ಕೆ ಹೋದೆವು. ಆ ಕಥೆ ಗೊತ್ತಾದರೆ ಯಾವ ಕೇಬಲ್ ಕೊಳ್ಳಬೇಕೆಂದು ನಿಮಗೇ ಗೊತ್ತಾಗುತ್ತದೆ.

ತಂತಿಗೆ ತಂತಿಯದೇ ಕವಚ

ಮೊದಲು ತಾಮ್ರದ ದಾರಿ. 1880ರಲ್ಲಿ ಇಂಗ್ಲೆಂಡಿನ ಆಲಿವರ್ ಹೆವಿಸೈಡ್ ಒಂದು ಹೊಸ ಬಗೆಯ ತಂತಿಗೆ ಪೇಟೆಂಟ್ ಪಡೆದರು. ನಡುವೆ ಒಂದು ತಂತಿ, ಅದರ ಸುತ್ತ ವಿದ್ಯುತ್ ಹರಿಯದ ಪದರ, ಅದರ ಮೇಲೆ ಕೊಳವೆಯಂತೆ ಮತ್ತೊಂದು ಲೋಹದ ಪದರ. ಹೊರಗಿನ ಲೋಹ ಒಳಗಿನ ತಂತಿಗೆ ಗೋಡೆಯ ಹಾಗೆ ನಿಲ್ಲುತ್ತದೆ, ಹೊರಗಿನ ಗದ್ದಲ ಒಳಕ್ಕೆ ನುಗ್ಗುವುದು ತಪ್ಪುತ್ತದೆ. ಎರಡೂ ಲೋಹಗಳ ನಡುಗೆರೆ ಒಂದೇ ಆದ್ದರಿಂದ ಅದಕ್ಕೆ ಕೊಆಕ್ಸಿಯಲ್ ಎಂಬ ಹೆಸರು.

ಇದು ದೊಡ್ಡ ಕೆಲಸಕ್ಕೆ ಬಂದದ್ದು ಅರ್ಧ ಶತಮಾನದ ನಂತರ. ಅಮೆರಿಕದ ಬೆಲ್ ದೂರವಾಣಿ ಸಂಸ್ಥೆಯ ಲಾಯ್ಡ್ ಎಸ್ಪೆನ್‌ಶೀಡ್ ಮತ್ತು ಹರ್ಮನ್ ಅಫೆಲ್ 1929ರಲ್ಲಿ ಇದನ್ನು ಸುಧಾರಿಸಿ ಪೇಟೆಂಟಿಗೆ ಅರ್ಜಿ ಹಾಕಿದರು. ಒಂದೇ ಕೇಬಲ್‌ನಲ್ಲಿ ನೂರಾರು ಫೋನ್ ಕರೆಗಳು ಹರಿದವು, ಆಮೇಲೆ ಟಿವಿ ಚಿತ್ರಗಳೂ ಹರಿದವು. ನಮ್ಮ ಊರಿನ ಬೀದಿಗಳಲ್ಲಿ ಕರೆಂಟ್ ಕಂಬದಿಂದ ಕಂಬಕ್ಕೆ ಜೋತುಬಿದ್ದ ಕಪ್ಪು ಕೇಬಲ್ ಟಿವಿ ವೈರು, ಡಿಶ್ ತಟ್ಟೆಯಿಂದ ಮನೆಯೊಳಕ್ಕೆ ಇಳಿದು ಬರುವ ವೈರು, ಎರಡೂ ಇದೇ ಮನೆತನದವು. ಆ ವೈರಿನ ತುದಿ ಸುಲಿದು ನೋಡಿ, ಹೆವಿಸೈಡ್ ಹೇಳಿದ್ದು ಹಾಗೇ ಕಾಣುತ್ತದೆ.

ನೀರಿನಲ್ಲಿ ಬಗ್ಗಿದ ಬೆಳಕು

ಇನ್ನು ಬೆಳಕಿನ ದಾರಿ. ಬೆಳಕು ನೇರವಾಗಿ ಹೋಗುತ್ತದೆ ಎಂದು ಶಾಲೆಯಲ್ಲಿ ಕಲಿತಿದ್ದೇವೆ. ಆದರೆ 1841ರಲ್ಲಿ ಜಿನೀವಾದ ಡೇನಿಯಲ್ ಕೊಲ್ಲಾಡನ್ ತೊಟ್ಟಿಯಿಂದ ಬಾಗಿ ಸುರಿಯುವ ನೀರಿನ ಧಾರೆಯೊಳಗೆ ಬೆಳಕು ಬಿಟ್ಟು, ಧಾರೆಯ ಜೊತೆಗೇ ಬೆಳಕೂ ಬಾಗುವುದನ್ನು ತೋರಿಸಿದರು. ನೀರಿನ ಅಂಚಿಗೆ ಓರೆಯಾಗಿ ಬಡಿದ ಬೆಳಕು ಹೊರಗೆ ಹೋಗದೆ ಮತ್ತೆ ಒಳಕ್ಕೇ ಪುಟಿಯುತ್ತದೆ. ಹೀಗೆ ಪುಟಿಯುತ್ತಾ ಪುಟಿಯುತ್ತಾ ಮುಂದಕ್ಕೆ ಸಾಗುತ್ತದೆ.

ನೀರಿನ ಬದಲು ಗಾಜಿನ ಎಳೆಯಲ್ಲಿ ಇದನ್ನು ಸಾಧಿಸಿದವರಲ್ಲಿ ನಮ್ಮ ದೇಶದವರೇ ಒಬ್ಬರು ಮುಖ್ಯರು. ಪಂಜಾಬಿನ ಮೋಗಾದಲ್ಲಿ ಹುಟ್ಟಿದ ನರಿಂದರ್ ಸಿಂಗ್ ಕಪಾನಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಹೆರಾಲ್ಡ್ ಹಾಪ್ಕಿನ್ಸ್ ಜೊತೆ ಸಂಶೋಧನೆ ಮಾಡುತ್ತಿದ್ದರು. ಗಾಜಿನ ಎಳೆಗಳ ಕಟ್ಟಿನ ಮೂಲಕ ಚಿತ್ರವನ್ನೇ ಒಂದು ತುದಿಯಿಂದ ಇನ್ನೊಂದು ತುದಿಗೆ ದಾಟಿಸಿದ ಅವರ ಬರಹ 1954ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂತು. 1966ರಲ್ಲಿ ಚಾರ್ಲ್ಸ್ ಕಾವೊ ಮತ್ತು ಜಾರ್ಜ್ ಹಾಕಮ್, ಗಾಜು ಶುದ್ಧವಾಗಿದ್ದರೆ ಬೆಳಕು ದೂರದ ಊರುಗಳಿಗೂ ಮಾತು ಒಯ್ಯಬಲ್ಲದು ಎಂದು ಲೆಕ್ಕ ಹಾಕಿ ತೋರಿಸಿದರು. ಕಾವೊ ಅವರಿಗೆ 2009ರಲ್ಲಿ ನೊಬೆಲ್ ಬಂತು. 2020ರಲ್ಲಿ ತೀರಿಕೊಂಡ ಕಪಾನಿ ಅವರಿಗೆ ಮರುವರ್ಷ ಪದ್ಮವಿಭೂಷಣ ಬಂತು.

ನಮ್ಮ ಗ್ರಾಮ ಪಂಚಾಯಿತಿ ಕಚೇರಿಗಳಿಗೆ ಭಾರತ್‌ನೆಟ್ ಯೋಜನೆಯಲ್ಲಿ ಎಳೆಯುವ ಫೈಬರ್ ಇದೇ ಗಾಜಿನ ಎಳೆ. ಟಿವಿ ಹಿಂದಿನ ಆಪ್ಟಿಕಲ್ ಕೇಬಲ್ ಅದರ ಬಡ ತಮ್ಮ. ಅದರೊಳಗಿರುವುದು ಸಾಮಾನ್ಯವಾಗಿ ಒಂದು ಮಿಲಿಮೀಟರ್ ದಪ್ಪದ ಪ್ಲಾಸ್ಟಿಕ್ ಎಳೆ. ಫೈಬರ್ ಇಂಟರ್‌ನೆಟ್ ಕಿಲೋಮೀಟರ್‌ಗಟ್ಟಲೆ ಹೋದರೆ, ಇದರ ಓಟ ಮನೆಯ ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ.

ಹಾಡು ಅಂಕಿಯಾದ ವರ್ಷ

ಎರಡು ದಾರಿಗಳೂ ಸಿದ್ಧವಾಗಿದ್ದವು. ಅವುಗಳ ಮೇಲೆ ಹೋಗುವ ಸರಕು ಬಂದದ್ದು 1982ರಲ್ಲಿ. ಜಪಾನಿನ ಸೋನಿ ಮತ್ತು ನೆದರ್‌ಲ್ಯಾಂಡ್ಸ್‌ನ ಫಿಲಿಪ್ಸ್ ಸೇರಿ ರೂಪಿಸಿದ ಸಿಡಿ ಆ ವರ್ಷದ ಅಕ್ಟೋಬರ್ 1ರಂದು ಜಪಾನಿನಲ್ಲಿ ಮಾರಾಟಕ್ಕೆ ಬಂತು.

ಕ್ಯಾಸೆಟ್‌ನಲ್ಲಿ ಸದ್ದು ಅಲೆಯಾಗಿಯೇ ಕೂತಿರುತ್ತದೆ. ಸಿಡಿಯಲ್ಲಿ ಸದ್ದಿಲ್ಲ, ಇರುವುದು ಅಂಕಿ. ಒಂದು ಸೆಕೆಂಡಿನ ಹಾಡನ್ನು 44,100 ಸಲ ಅಳೆದು, ಪ್ರತಿ ಅಳತೆಯನ್ನೂ 16 ಸೊನ್ನೆ-ಒಂದುಗಳಲ್ಲಿ ಬರೆಯುತ್ತಾರೆ. ಎಡಕ್ಕೊಂದು, ಬಲಕ್ಕೊಂದು. ಸೆಕೆಂಡಿಗೆ ಒಟ್ಟು 14,11,200 ಸೊನ್ನೆ-ಒಂದುಗಳು.

44,100 ಎಂಬ ವಿಚಿತ್ರ ಸಂಖ್ಯೆ ಎಲ್ಲಿಂದ ಬಂತು? ಆಗ ಇಷ್ಟೊಂದು ಅಂಕಿ ತುಂಬಿಡಲು ಕೈಗೆಟುಕುವ ಸಾಧನವೆಂದರೆ ವಿಡಿಯೊ ಟೇಪು. ಟಿವಿ ಚಿತ್ರದ ಒಂದೊಂದು ಗೆರೆಗೆ 3 ಅಳತೆ, ಒಂದು ಸಲಕ್ಕೆ 245 ಗೆರೆ, ಸೆಕೆಂಡಿಗೆ 60 ಸಲ. ಗುಣಿಸಿ ನೋಡಿ, 44,100 ಬರುತ್ತದೆ. ಟಿವಿಯ ಲೆಕ್ಕ ಹಾಡಿಗೆ ಅಂಟಿಕೊಂಡಿತು, ಇವತ್ತಿಗೂ ಬಿಟ್ಟಿಲ್ಲ.

ಒಂದೇ ಭಾಷೆ, ಎರಡು ಬಾಯಿ

ಸಿಡಿ ಪ್ಲೇಯರ್ ತನ್ನೊಳಗೇ ಅಂಕಿಯನ್ನು ಸದ್ದಾಗಿಸಿ ಆಂಪ್ಲಿಫೈಯರಿಗೆ ಕೊಡುತ್ತಿತ್ತು. ಅಂಕಿಯನ್ನೇ ಹೊರಗೆ ಕಳಿಸಿದರೆ ದಾರಿಯಲ್ಲಿ ಸದ್ದು ಕೆಡುವ ಭಯವೇ ಇಲ್ಲವಲ್ಲ ಎಂಬ ಯೋಚನೆಯಿಂದ ಸೋನಿ ಮತ್ತು ಫಿಲಿಪ್ಸ್ ಒಂದು ಕ್ರಮ ಮಾಡಿದವು. ಎರಡೂ ಹೆಸರಿನ ಮೊದಲಕ್ಷರ ಸೇರಿಸಿ ಅದನ್ನು ಎಸ್‌ಪಿಡಿಐಎಫ್ ಎನ್ನುತ್ತಾರೆ. ಹಾಡಿನ ಅಂಕಿಗಳ ಜೊತೆ ಇದು ಎಡ ಯಾವುದು, ಬಲ ಯಾವುದು ಎಂಬಂಥ ಗುರುತುಗಳನ್ನೂ ಸೇರಿಸುತ್ತದೆ. ಹಾಗಾಗಿ ಸಿಡಿ ಹಾಡಿಗೆ ಕೇಬಲ್ ಮೇಲೆ ಸೆಕೆಂಡಿಗೆ 28 ಲಕ್ಷಕ್ಕೂ ಹೆಚ್ಚು ಸೊನ್ನೆ-ಒಂದುಗಳು ಓಡುತ್ತವೆ. ತಾಮ್ರದ ಮೇಲಾದರೆ ಅವು ಅರ್ಧ ವೋಲ್ಟಿನಷ್ಟು ಸಣ್ಣ ವಿದ್ಯುತ್ ಬಡಿತಗಳು.

1983ರಲ್ಲಿ ಜಪಾನಿನ ತೋಷಿಬಾ ತನ್ನ ಸಿಡಿ ಪ್ಲೇಯರುಗಳನ್ನು ಆಂಪ್ಲಿಫೈಯರಿಗೆ ಜೋಡಿಸಲು ಪ್ಲಾಸ್ಟಿಕ್ ಎಳೆಯ ಕೇಬಲ್ ತಂದಿತು. ‘ತೋಷಿಬಾ ಲಿಂಕ್’ ಎಂಬುದೇ ಟಾಸ್‌ಲಿಂಕ್ ಆಯಿತು. ಆ ಕಡೆ ಒಂದು ಕೆಂಪು ಎಲ್‌ಇಡಿ ಹತ್ತಿ ಆರುತ್ತದೆ, ಈ ಕಡೆ ಬೆಳಕು ಗುರುತಿಸುವ ಕಣ್ಣು ಅದನ್ನು ಎಣಿಸುತ್ತದೆ. ಬೇರೆ ಕಂಪನಿಗಳೂ ಇದೇ ಕಿಂಡಿ ಹಾಕತೊಡಗಿದವು. ಮುಂದೆ ಎರಡಕ್ಕೂ ಸೇರಿ ಅಂತರರಾಷ್ಟ್ರೀಯ ಮಾನಕ ಬಂತು.

ಇಲ್ಲಿ ಒಂದು ವಿಷಯ ಗಟ್ಟಿಯಾಗಿ ಹಿಡಿದುಕೊಳ್ಳಿ. ಎರಡೂ ಕಿಂಡಿಗಳು ಹೇಳುವುದು ಅದೇ ಅಂಕಿಗಳನ್ನು, ಅದೇ ಸಾಲಿನಲ್ಲಿ. ಒಂದು ಕಾಗದವನ್ನು ಬಸ್ಸಿನಲ್ಲಿ ಕಳಿಸಿದರೂ ಅಂಚೆಯಣ್ಣನ ಸೈಕಲ್ಲಿನಲ್ಲಿ ಕಳಿಸಿದರೂ ಒಳಗಿನ ಅಕ್ಷರ ಬದಲಾಗುವುದಿಲ್ಲ. ಕೇಬಲ್ ಕೆಟ್ಟರೆ ಹಾಡು ಟಕ್ ಟಕ್ ಎಂದು ಕತ್ತರಿಸುತ್ತದೆ, ಇಲ್ಲವೇ ನಿಂತೇ ಹೋಗುತ್ತದೆ. ‘ಬಾಸ್ ಕಡಿಮೆ, ದನಿ ಮಂಕು’ ಎಂಬ ಕಾಯಿಲೆ ಡಿಜಿಟಲ್ ಕೇಬಲ್ಲಿಗೆ ಬರುವುದಿಲ್ಲ. ಅಂಕಿಗಳು ಬಂದು ಮುಟ್ಟುವ ಹೊತ್ತಿನಲ್ಲಿ ಕೂದಲೆಳೆಯಷ್ಟು ಏರುಪೇರು ಆಗುತ್ತದೆಂದು ಕೆಲವರು ವಾದಿಸುತ್ತಾರೆ. ಈಗಿನ ಆಂಪ್ಲಿಫೈಯರುಗಳು ಸಾಮಾನ್ಯವಾಗಿ ಅದನ್ನು ಸರಿಪಡಿಸಿಕೊಂಡೇ ಸದ್ದು ಮಾಡುತ್ತವೆ.

ನಕಲಿನ ಭಯ

ಅಂಕಿ ಸವೆಯುವುದಿಲ್ಲ ಎಂಬ ಈ ಗುಣವೇ ಹಾಡಿನ ಕಂಪನಿಗಳ ನಿದ್ದೆಗೆಡಿಸಿತು. ಕ್ಯಾಸೆಟ್ಟಿನಿಂದ ಕ್ಯಾಸೆಟ್ಟಿಗೆ ಹಾಡು ತುಂಬಿಸಿದವರಿಗೆ ಗೊತ್ತು, ಪ್ರತಿ ನಕಲಿಗೂ ‘ಸ್ಸ್’ ಸದ್ದು ಹೆಚ್ಚುತ್ತದೆ. ಅದೇ ಒಂದು ಬೇಲಿಯಾಗಿತ್ತು. 1987ರಲ್ಲಿ ಡಿಜಿಟಲ್ ಟೇಪು ಬಂದಾಗ ಆ ಬೇಲಿ ಬಿತ್ತು. ಸಿಡಿಯಿಂದ ಈ ಕೇಬಲ್ ಎಳೆದರೆ ನೂರನೇ ನಕಲೂ ಮೊದಲನೆಯದರಂತೆಯೇ. ಗದ್ದಲವಾಯಿತು. ಕೊನೆಗೆ ಕೇಬಲ್ಲಿನಲ್ಲಿ ಹೋಗುವ ಗುರುತುಗಳ ನಡುವೆಯೇ ‘ಇದನ್ನು ಮತ್ತೆ ನಕಲು ಮಾಡಬೇಡ’ ಎಂಬ ಗುರುತನ್ನೂ ಸೇರಿಸಿದರು. ಅದನ್ನು ಪಾಲಿಸುವಂತೆ ಡಿಜಿಟಲ್ ರೆಕಾರ್ಡರ್ ಮಾಡುವವರಿಗೆ 1992ರಲ್ಲಿ ಅಮೆರಿಕ ಕಾನೂನನ್ನೇ ತಂದಿತು. ಕಂಪನಿಗಳು ಅಷ್ಟು ಹೆದರಿದ್ದು ಈ ಕೇಬಲ್ ಏನನ್ನೂ ಕೆಡಿಸುವುದಿಲ್ಲ ಎಂದಲ್ಲವೇ? ಚಿನ್ನದ ಲೇಪ ಮಾರುವವರಿಗೆ ಇಷ್ಟು ನೆನಪಿಸಿದರೆ ಸಾಕು.

1996ರಲ್ಲಿ ಡಿವಿಡಿ ಬಂತು, ಜೊತೆಗೆ ಆರು ಸ್ಪೀಕರಿನ ಸದ್ದು ಬಂತು. ಆರರ ಅಂಕಿಗಳನ್ನು ಡಾಲ್ಬಿ ಕ್ರಮದಲ್ಲಿ ಒತ್ತಿ ಸಣ್ಣದು ಮಾಡಿದ್ದರಿಂದ ಇದೇ ಕೇಬಲ್ಲುಗಳಲ್ಲಿ ಸಲೀಸಾಗಿ ಹಿಡಿಸಿದವು. 2002ರ ಕೊನೆಗೆ ಚಿತ್ರ, ಸದ್ದು ಎರಡನ್ನೂ ಒಯ್ಯುವ ಎಚ್‌ಡಿಎಂಐ ಬಂತು. 2009ರಿಂದ ಅದೇ ಕೇಬಲ್ಲಿನಲ್ಲಿ ಟಿವಿಯಿಂದ ಸದ್ದು ಹಿಂದಕ್ಕೂ ಬರುವಂತಾಯಿತು. ನಿಮ್ಮ ಟಿವಿ, ಸೌಂಡ್‌ಬಾರ್ ಎರಡರಲ್ಲೂ ಎಚ್‌ಡಿಎಂಐ ಪಕ್ಕ ‘ಎಆರ್‌ಸಿ’ ಎಂದಿದ್ದರೆ ಅದನ್ನೇ ಬಳಸಿ. ಇಲ್ಲದಿದ್ದರೆ ಹಳೆಯ ಎರಡು ಕಿಂಡಿಗಳೇ ಗತಿ.

ನಮ್ಮ ಮನೆಗೆ ಯಾವುದು?

ಸದ್ದು ಒಂದೇ ಆದಮೇಲೆ ನೋಡಬೇಕಾದದ್ದು ನಮ್ಮ ಮನೆಯನ್ನು.

ಇಲಿ ಕಾಟ ಇರುವ ಕಡೆ, ಜನ ಓಡಾಡುವ ಕಡೆ ತಾಮ್ರವೇ ವಾಸಿ. ಕಡಿದು ಹೋದರೆ ಊರಿನ ರಿಪೇರಿಯವರು ಬೆಸುಗೆ ಹಾಕಿ ಕೊಡುತ್ತಾರೆ. ಆಪ್ಟಿಕಲ್ ತುಂಡಾದರೆ ತಿರುಚಿ ಟೇಪು ಸುತ್ತಿ ಸರಿಮಾಡಲು ಆಗುವುದಿಲ್ಲ, ಜೋರಾಗಿ ಮಡಚಿದರೂ ಬೆಳಕು ಸೋರುತ್ತದೆ. ದೂರ ಹತ್ತು ಮೀಟರ್ ದಾಟುವುದಾದರೂ ತಾಮ್ರವೇ ಇರಲಿ.

ಕೊಆಕ್ಸಿಯಲ್ಲಿಗೆ ಹೊಸ ಕೇಬಲ್ ಕೊಳ್ಳುವ ಮುಂಚೆ ಅಟ್ಟದ ಮೇಲಿನ ಹಳೆಯ ವಿಸಿಡಿ ಪ್ಲೇಯರಿನ ಡಬ್ಬಿ ನೋಡಿ. ಅದರ ಮೂರು ಪಿನ್ನಿನ ವೈರಿನಲ್ಲಿ ಹಳದಿ ಪಿನ್ನಿನದು ಚಿತ್ರಕ್ಕಾಗಿ ಮಾಡಿದ್ದು. ಡಿಜಿಟಲ್ ಸದ್ದಿಗೆ ಬೇಕಾದ 75 ಓಮ್ ಅಳತೆಯೇ ಅದಕ್ಕೂ. ಖರ್ಚಿಲ್ಲದೆ ಕೆಲಸವಾಗುತ್ತದೆ. ಆದರೆ ಇದನ್ನು ಆಂಪ್ಲಿಫೈಯರಿನ ಕೆಂಪು-ಬಿಳಿ ಕಿಂಡಿಗೆ ಹಾಕಬೇಡಿ, ಬರೀ ಕರ್ಕಶ ಸದ್ದು ಬರುತ್ತದೆ.

ಆಪ್ಟಿಕಲ್ ಕೇಬಲ್ ತಂದರೆ ತುದಿಯ ಸಣ್ಣ ಪ್ಲಾಸ್ಟಿಕ್ ಟೋಪಿ ತೆಗೆದು ಹಾಕಿ. ಟಿವಿಗೆ ಹಾಕಿದಾಗ ಇನ್ನೊಂದು ತುದಿಯಲ್ಲಿ ಕೆಂಪು ಬೆಳಕು ಕಂಡರೆ ಕೇಬಲ್ ಸರಿಯಿದೆ. ಎರಡರಲ್ಲಿ ಯಾವುದು ಹಾಕಿದರೂ ಸದ್ದು ಬಾರದಿದ್ದರೆ ಟಿವಿಯ ಸೌಂಡ್ ಸೆಟ್ಟಿಂಗಿನಲ್ಲಿ ‘ಪಿಸಿಎಂ’ ಆರಿಸಿ ನೋಡಿ.

ಬೆಳಕಿನ ದಾರಿಯ ದೊಡ್ಡ ಲಾಭ ಒಂದಿದೆ. ಅದರಲ್ಲಿ ಲೋಹವಿಲ್ಲ. ಒಂದು ಯಂತ್ರದ ಕರೆಂಟು ಇನ್ನೊಂದಕ್ಕೆ ಹರಿಯುವುದಿಲ್ಲ. ನಮ್ಮ ಗೆಳತಿಯ ಮನೆಯ ಕಥೆ ತಿರುಗಿದ್ದು ಇಲ್ಲೇ.

ಗುಂಯ್ ಹೇಳಿದ ಮಾತು

ನಾವು ಒಂದು ಸಾಧಾರಣ ಆಪ್ಟಿಕಲ್ ಕೇಬಲ್ ಒಯ್ದು ಹಾಕಿದೆವು. ಗುಂಯ್ ಅಲ್ಲೇ ನಿಂತಿತು. ಎಲ್ಲರಿಗೂ ಖುಷಿ. ಆಗ ಒಳಗಿನಿಂದ ಬಂದ ಅವಳ ಅಮ್ಮ ಅಂದರು, ‘ಸದ್ದೇನೋ ಹೋಯ್ತಪ್ಪಾ, ಆದ್ರೆ ಒರೆಸೋವಾಗ ಕೈಗೆ ಜುಮ್ ಅಂತದಲ್ಲ, ಅದು ಹಂಗೇ ಐತೆ.’

ನಾವು ಸುಮ್ಮನಾದೆವು. ಎಲೆಕ್ಟ್ರಿಷಿಯನ್ ಅಣ್ಣನನ್ನು ಕರೆಸಿದೆವು. ಬೋರ್ಡಿನ ಮೂರನೇ ತೂತಿಗೆ ಬರುವ ಅರ್ಥಿಂಗ್ ವೈರು ಹೊರಗಿನ ಗುಂಡಿಯ ಹತ್ತಿರ ತುಕ್ಕು ಹಿಡಿದು ಕಳಚಿಕೊಂಡಿತ್ತು. ಆಂಪ್ಲಿಫೈಯರಿನಲ್ಲಿ ಸೋರುವ ಸಣ್ಣ ಕರೆಂಟಿಗೆ ನೆಲಕ್ಕೆ ಇಳಿಯಲು ದಾರಿ ಇರಲಿಲ್ಲ. ಕೊಆಕ್ಸಿಯಲ್ ಇದ್ದಾಗ ಅದು ಕೇಬಲ್ಲಿನ ಹೊರ ಲೋಹ ಹಿಡಿದು, ಟಿವಿ, ಸೆಟ್‌ಟಾಪ್ ಬಾಕ್ಸ್ ದಾಟಿ ಡಿಶ್ ಕಂಬದ ಕಡೆ ಹರಿಯುತ್ತಿತ್ತು. ಗುಂಯ್ ಅಂದದ್ದು ಆ ಕರೆಂಟು. ಆಪ್ಟಿಕಲ್ ಹಾಕಿದಾಗ ಆ ದಾರಿ ಮುಚ್ಚಿತು, ಸದ್ದು ಹೋಯಿತು. ಅಪಾಯ ಪೆಟ್ಟಿಗೆಯ ಮೈಮೇಲೇ ಉಳಿಯಿತು.

ಅರ್ಥಿಂಗ್ ಸರಿಮಾಡಿದ ಮೇಲೆ ಜುಮ್ ನಿಂತಿತು. ಆಮೇಲೆ ಪರೀಕ್ಷೆಗೆಂದು ಮೂರು ಕೇಬಲ್ಲುಗಳನ್ನೂ ಹಾಕಿ ನೋಡಿದೆವು: ಚಿನ್ನದ ಲೇಪದ್ದು, ಅಟ್ಟದ ಹಳದಿ ಪಿನ್ನಿನದು, ಆಪ್ಟಿಕಲ್. ಯಾವುದರಲ್ಲೂ ಗುಂಯ್ ಇಲ್ಲ. ಕಣ್ಣು ಮುಚ್ಚಿ ಕೇಳಿದರೆ ಯಾವುದು ಯಾವುದೆಂದು ನಮ್ಮಲ್ಲಿ ಯಾರಿಗೂ ಹೇಳಲಾಗಲಿಲ್ಲ.

ಹಾಗಾಗಿ ಓದುಗರಲ್ಲಿ ನಮ್ಮ ಕೋರಿಕೆ ಇಷ್ಟೇ. ನಿಮ್ಮ ಮನೆಯ ಸ್ಪೀಕರಿನಲ್ಲೂ ಗುಂಯ್ ಬರುತ್ತಿದ್ದರೆ, ಪೆಟ್ಟಿಗೆ ಮುಟ್ಟಿದಾಗ ಜುಮ್ ಎನ್ನುತ್ತಿದ್ದರೆ, ಮೊದಲು ಪ್ಲಗ್ ಕಿತ್ತು ಅರ್ಥಿಂಗ್ ನೋಡಿಸಿ. ಗುಡುಗು ಮಿಂಚಿನ ದಿನ ಆಪ್ಟಿಕಲ್ ಇದ್ದರೂ ಪ್ಲಗ್ ಕೀಳುವುದನ್ನು ಮರೆಯಬೇಡಿ, ಸಿಡಿಲಿನ ಕರೆಂಟು ಲೈನಿನಿಂದಲೂ ಬರುತ್ತದೆ. ಕೇಬಲ್ ವಿಚಾರ ಆಮೇಲೆ. ತಾಮ್ರವೋ ಬೆಳಕೋ, ಮನೆಗೆ ಹೊಂದುವ, ಕಡಿಮೆ ಬೆಲೆಯ ಒಂದು ಸಾಕು. ಉಳಿದ ದುಡ್ಡಿನಲ್ಲಿ ಅರ್ಥಿಂಗ್ ಗುಂಡಿಗೆ ಉಪ್ಪು, ಇದ್ದಿಲು ಹಾಕಿಸಿ.