ಶ್ವಾಸಕೋಶದ ಕ್ಯಾನ್ಸರ್: ಮೊದಲ ಮಾತ್ರೆ ಸೋತ ನಂತರ ಏನು?

ಶ್ವಾಸಕೋಶದ ಕ್ಯಾನ್ಸರಿಗೆ ನೀಡುತ್ತಿದ್ದ ಮಾತ್ರೆ ಫಲ ನೀಡದಾದಾಗ ರೋಗಿಯೂ ಮನೆಯವರೂ ಎದೆಗುಂದುವುದು ಸಹಜ. ಆದರೆ ಗಡ್ಡೆ ಔಷಧಕ್ಕೆ ಜಗ್ಗದಿರಲು ಕಾರಣವೇನೆಂಬುದು ಪತ್ತೆಯಾದರೆ ಮುಂದಿನ ದಾರಿ ಕಾಣಬಹುದು. ಆಸಿಮೆರ್ಟಿನಿಬ್ ಎಂಬ ಔಷಧ ಇದಕ್ಕೆ ನಿದರ್ಶನ.

ಏನಿದು ಇಜಿಎಫ್‌ಆರ್?
ಇದು ಜೀವಕೋಶದ ಹೊರಪದರದಲ್ಲಿದ್ದು ಬೆಳವಣಿಗೆಯ ಸಂಕೇತವನ್ನು ಒಳಗೆ ದಾಟಿಸುವ ಪ್ರೋಟೀನು. ಇದರ ವಂಶವಾಹಿ ರೂಪಾಂತರಗೊಂಡರೆ ಕೋಶಗಳು ಮಿತಿಮೀರಿ ವೃದ್ಧಿಸುತ್ತವೆ. ಧೂಮಪಾನ ಮಾಡದವರು, ಮಹಿಳೆಯರು ಹಾಗೂ ಏಷ್ಯಾದವರಲ್ಲಿ ಈ ರೂಪಾಂತರ ಹೆಚ್ಚಾಗಿ ಕಾಣುತ್ತದೆ. ಜೆಫಿಟಿನಿಬ್, ಎರ್ಲೋಟಿನಿಬ್ ಮಾತ್ರೆಗಳು ಆ ಸಂಕೇತವನ್ನು ತಡೆಯುತ್ತವೆಯಾದರೂ ಸಾಮಾನ್ಯವಾಗಿ ಒಂದು ವರ್ಷದ ಆಸುಪಾಸಿನಲ್ಲಿ ರೋಗ ಮತ್ತೆ ತಲೆಯೆತ್ತುತ್ತದೆ.

ಔಷಧ ಸೋಲುವುದೇಕೆ?
ಇಂತಹ ರೋಗಿಗಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಟಿ790ಎಂ ಎಂಬ ಎರಡನೆಯ ರೂಪಾಂತರ ಉಂಟಾಗಿರುತ್ತದೆ. ಪ್ರೋಟೀನಿನ 790ನೇ ಸ್ಥಾನದಲ್ಲಿ ಥ್ರಿಯೋನಿನ್ ಬದಲು ಮೆಥಿಯೋನಿನ್ ಬಂದು ಕೂರುವುದರಿಂದ ಹಳೆಯ ಮಾತ್ರೆಯ ಹಿಡಿತ ಸಡಿಲಾಗುತ್ತದೆ. ಆಸಿಮೆರ್ಟಿನಿಬ್ 797ನೇ ಸ್ಥಾನದ ಸಿಸ್ಟೀನ್‌ಗೆ ಬೆಸೆದುಕೊಂಡು ಈ ತೊಡಕನ್ನು ಮೀರುತ್ತದೆ.

ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2015ರ ನವೆಂಬರ್‌ನಲ್ಲಿ ಇಂತಹ ರೋಗಿಗಳಿಗಾಗಿ ಇದಕ್ಕೆ ಅನುಮತಿ ನೀಡಿತು. ಬಳಿಕ 419 ರೋಗಿಗಳ ಮೇಲೆ ನಡೆದ 'ಔರಾ3' ಅಧ್ಯಯನದಲ್ಲಿ ರೋಗ ಉಲ್ಬಣಿಸದ ಸರಾಸರಿ ಅವಧಿ ಕೀಮೋಥೆರಪಿ ಪಡೆದವರಲ್ಲಿ 4.4 ತಿಂಗಳಿದ್ದರೆ, ಆಸಿಮೆರ್ಟಿನಿಬ್ ಪಡೆದವರಲ್ಲಿ 10.1 ತಿಂಗಳಿತ್ತು.

ಮರುಪರೀಕ್ಷೆ ಮುಖ್ಯ
ರಕ್ತದ ಮಾದರಿಯಲ್ಲೇ ಟಿ790ಎಂ ಪತ್ತೆ ಸಾಧ್ಯ. ಆದರೆ ರಕ್ತದಲ್ಲಿ ಕಾಣಲಿಲ್ಲವೆಂದ ಮಾತ್ರಕ್ಕೆ ಅದು ಇಲ್ಲವೆಂದು ತೀರ್ಮಾನಿಸಲಾಗದು. ಸಾಧ್ಯವಾದಲ್ಲಿ ಗಡ್ಡೆಯ ತುಣುಕನ್ನು ತೆಗೆದು ಪರೀಕ್ಷಿಸಬೇಕಾಗುತ್ತದೆ. ಭೇದಿ, ಚರ್ಮದ ಗುಳ್ಳೆ, ಉಗುರಿನ ಸೋಂಕು ಈ ಮಾತ್ರೆಯ ಸಾಮಾನ್ಯ ಅಡ್ಡಪರಿಣಾಮಗಳು. ಅಪರೂಪಕ್ಕೆ ಶ್ವಾಸಕೋಶದ ಉರಿಯೂತ, ಹೃದಯಬಡಿತದ ಏರುಪೇರು ಉಂಟಾಗಬಹುದು. ಹೊಸದಾಗಿ ಕೆಮ್ಮು, ಉಬ್ಬಸ ಕಾಣಿಸಿದರೆ ತಡಮಾಡದೆ ವೈದ್ಯರಿಗೆ ತಿಳಿಸಬೇಕು.

2018ರಿಂದ ಆಸಿಮೆರ್ಟಿನಿಬ್ ಅನ್ನೇ ಮೊದಲ ಚಿಕಿತ್ಸೆಯಾಗಿ ನೀಡುವ ಪದ್ಧತಿಯೂ ಬಂದಿದೆ. ಅದಕ್ಕೂ ಗಡ್ಡೆ ಕಾಲಕ್ರಮೇಣ ಪ್ರತಿರೋಧ ಬೆಳೆಸಿಕೊಳ್ಳುತ್ತದೆ. ಸಿ797ಎಸ್ ರೂಪಾಂತರ, ಮೆಟ್ ವಂಶವಾಹಿಯ ಪ್ರತಿಗಳ ಹೆಚ್ಚಳ ಇದಕ್ಕೆ ಕಾರಣಗಳಲ್ಲಿ ಸೇರಿವೆ. ಆ ಹಂತದ ರೋಗಿಗಳಿಗೆ ಕೀಮೋಥೆರಪಿಯೊಂದಿಗೆ ಅಮಿವಾಂಟಮ್ಯಾಬ್ ನೀಡಲು ಅಮೆರಿಕದಲ್ಲಿ 2024ರ ಸೆಪ್ಟೆಂಬರ್‌ನಲ್ಲಿ ಅನುಮತಿ ದೊರೆತಿದೆ.

ಭಾರತದಲ್ಲಿ ಬೆಲೆಯೇ ದೊಡ್ಡ ಅಡ್ಡಿ. 2024ರ ಜುಲೈ ಬಜೆಟ್‌ನಲ್ಲಿ ಕೇಂದ್ರ ಸರ್ಕಾರ ಆಸಿಮೆರ್ಟಿನಿಬ್ ಸೇರಿದಂತೆ ಮೂರು ಕ್ಯಾನ್ಸರ್ ಔಷಧಗಳಿಗೆ ಆಮದು ಸುಂಕದಿಂದ ವಿನಾಯಿತಿ ನೀಡಿತು. ಆದರೂ ದುಬಾರಿ ಮಾತ್ರೆಯನ್ನು ಊಹೆಯ ಮೇಲೆ ಆರಂಭಿಸುವ ಬದಲು, ಪರೀಕ್ಷೆಯಿಂದ ಕಾರಣ ತಿಳಿದು ಮುಂದುವರಿಯುವುದೇ ಲೇಸು.